ಗಾಮಾ ಪಟ್ಟಿಯಲ್ಲಿ ನ್ಯೂಟ್ರಿನೊ ಮೂಲ ಹುಡುಕಿದೆ, 12ರಲ್ಲಿ 8 ಹೊಂದಿದವು. ಎಲ್ಲಾದರೂ ತಪ್ಪಿದ್ದೇನಾ?

ಒಣದ್ರಾಕ್ಷಿ (ವಿಜಯಪುರ), ಶನಿವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ತಿಕೋಟಾ ಹತ್ತಿರ ನಮ್ಮದು ದ್ರಾಕ್ಷಿ ಒಣಗಿಸುವ ಶೆಡ್ ಇದೆ. ಈಗ ಸೀಸನ್, ರಾತ್ರಿ ಕಾವಲು ನನ್ನದು. ನಿದ್ದೆ ಬರಬಾರದು ಅಂತ ಲ್ಯಾಪ್‌ಟಾಪ್ ಇಟ್ಟುಕೊಂಡು ಎಂಎಸ್‌ಸಿ ಪ್ರಾಜೆಕ್ಟ್ ಮಾಡುತ್ತಾ ಕೂರುತ್ತೇನೆ.

ವಿಷಯ ಇದು. ದಕ್ಷಿಣ ಧ್ರುವದ ಐಸಿನೊಳಗೆ ಹೂತಿಟ್ಟ ಐಸ್‌ಕ್ಯೂಬ್ ಅನ್ನುವ ಪತ್ತೆ ಯಂತ್ರಕ್ಕೆ ಆಗಾಗ ಬಾಹ್ಯಾಕಾಶದ ಭಾರಿ ಶಕ್ತಿಯ ನ್ಯೂಟ್ರಿನೊ (ಚಾರ್ಜ್ ಇಲ್ಲದ ಪುಟ್ಟ ಕಣ) ಸಿಗುತ್ತದೆ. ಸಿಕ್ಕ ಕೂಡಲೇ ಅದು ಯಾವ ದಿಕ್ಕಿನಿಂದ ಬಂತು ಅಂತ ಅಲರ್ಟ್ ಕಳಿಸುತ್ತಾರೆ. 2016ರಿಂದ ಈ ಅಲರ್ಟ್‌ಗಳನ್ನು ಯಾರು ಬೇಕಾದರೂ ನೋಡಬಹುದು. ಇನ್ನೊಂದು ಕಡೆ ಫರ್ಮಿ ಉಪಗ್ರಹ 2008ರಿಂದ ಗಾಮಾ ಕಿರಣದಲ್ಲಿ (ಬೆಳಕಿನ ಜಾತಿಯದೇ, ಶಕ್ತಿ ಮಾತ್ರ ತುಂಬಾ ಜಾಸ್ತಿ) ಆಕಾಶ ನೋಡುತ್ತಿದೆ, ಸುಮಾರು 3 ಗಂಟೆಗೆ ಒಂದು ಸಲ ಇಡೀ ಆಕಾಶ. ಅದರ ಪಟ್ಟಿಯಲ್ಲಿ ಈಗ 7,000ಕ್ಕೂ ಜಾಸ್ತಿ ಮೂಲಗಳಿವೆ. ಅದೂ ಪುಕ್ಕಟೆ.

ಜೋರಾಗಿ ಓಡುವ ಪ್ರೋಟಾನ್ ಅನಿಲಕ್ಕೋ ಬೆಳಕಿಗೋ ಬಡಿದರೆ ಪಯಾನ್ ಅನ್ನುವ ಕ್ಷಣಿಕ ಕಣಗಳು ಹುಟ್ಟುತ್ತವೆ. ಚಾರ್ಜ್ ಇಲ್ಲದ ಪಯಾನ್ ಒಡೆದು ಗಾಮಾ ಆಗುತ್ತದೆ. ಚಾರ್ಜ್ ಇದ್ದದ್ದು ಒಡೆದು ನ್ಯೂಟ್ರಿನೊ ಕೊಡುತ್ತದೆ. ಎರಡೂ ಒಂದೇ ಮನೆಯ ಮಕ್ಕಳು. ಹಾಗಾದರೆ ಗಾಮಾ ಇದ್ದಲ್ಲಿ ನ್ಯೂಟ್ರಿನೊ ಇರಬೇಕಲ್ವಾ?

12 ಅಲರ್ಟ್ ಆರಿಸಿಕೊಂಡೆ. ಲೆಕ್ಕ ಸುಲಭವಾಗಲಿ ಅಂತ ಪ್ರತಿಯೊಂದರ ಸುತ್ತ 1.5 ಡಿಗ್ರಿ ತ್ರಿಜ್ಯದ ವೃತ್ತ ಎಳೆದೆ. 8 ವೃತ್ತಗಳ ಒಳಗೆ ಫರ್ಮಿ ಮೂಲ ಇದೆ! ಎರಡರಲ್ಲಂತೂ ಮೂರು ಮೂರು ಇವೆ. ನಾಳೆ ಗೈಡ್‌ಗೆ ತೋರಿಸುವ ಮೊದಲು ಇಲ್ಲಿ ಕೇಳೋಣ ಅನಿಸಿತು. ಬೈಯುವುದಿದ್ದರೆ ಇಲ್ಲೇ ಬೈದುಬಿಡಿ.

ಚಿಕ್ಕೋಡಿ_ಎಕ್ಸ್‌ಪ್ರೆಸ್, ಶನಿವಾರ ರಾತ್ರಿ 11:41

ಪುಣ್ಯಾತ್ಮಾ, 8 ಹೊಂದಿದವು ಸರಿ. ಸುಮ್ನೆ ಕಣ್ಣು ಮುಚ್ಚಿ ವೃತ್ತ ಎಳೆದಿದ್ದರೆ ಎಷ್ಟು ಹೊಂದುತ್ತಿದ್ದವು? ಅದನ್ನು ಹೇಳದೆ 8 ಅಂದರೆ ನನಗೇನೂ ಅರ್ಥವಾಗುವುದಿಲ್ಲ.

ಬೋರ್‌ಗಾಡಿ (ಇಂಡಿ), ಭಾನುವಾರ ಬೆಳಿಗ್ಗೆ 6:15

ನಾನು ಓದಿದ್ದು ಪಿಯುಸಿ ತನಕ. ನ್ಯೂಟ್ರಿನೊ ಗೊತ್ತಿಲ್ಲ, ಆದರೆ ಐಸಿನಲ್ಲಿ ರಂಧ್ರ ಕೊರೆದಿದ್ದಾರೆ ಅಂತ ಎಲ್ಲೋ ಕೇಳಿದ್ದೆ. ಎಷ್ಟು ಅಡಿ ಹೋಗಿದ್ದಾರೆ? ಯಾವ ಗಾಡಿ?

ಹಳೆಯ_ಲೆನ್ಸ್ (ಬೆಳಗಾವಿ), ಭಾನುವಾರ ಬೆಳಿಗ್ಗೆ 8:02

ಬೋರ್‌ಗಾಡಿಯವರೇ, ನೀವು ಕೇಳಿದ್ದು ಒಳ್ಳೆಯದಾಯಿತು, ಇದು ನನಗೆ ಇಷ್ಟದ ವಿಷಯ. ನಿವೃತ್ತನಾದ ಮೇಲೆ ಮಾತಾಡಲು ಜನ ಸಿಗುವುದಿಲ್ಲ ನೋಡಿ.

2010ರ ಹೊತ್ತಿಗೆ ಕೊರೆದದ್ದು ಒಟ್ಟು 86 ರಂಧ್ರಗಳು. ಒಂದೊಂದೂ ಹತ್ತಿರ ಹತ್ತಿರ 2.5 ಕಿಲೋಮೀಟರ್, ಅಂದರೆ 8,000 ಅಡಿಗಿಂತ ಜಾಸ್ತಿ. ಬಿಟ್ ಇಲ್ಲ, ಹ್ಯಾಮರ್ ಇಲ್ಲ, ಕಂಪ್ರೆಸರ್ ಗಾಡಿ ಇಲ್ಲ. ಪೈಪಿನ ತುದಿಯಿಂದ ಬಿಸಿನೀರು ಬಿಟ್ಟು ಐಸು ಕರಗಿಸುತ್ತಾ ಇಳಿಯುವುದು. ಒಂದು ರಂಧ್ರಕ್ಕೆ ಸುಮಾರು ಎರಡು ದಿನ. ಆಮೇಲೆ 60 ಸೆನ್ಸರ್ ಪೋಣಿಸಿದ ಕೇಬಲ್ ಇಳಿಬಿಡುತ್ತಾರೆ. ಒಂದೊಂದು ಸೆನ್ಸರ್ ಬಾಸ್ಕೆಟ್‌ಬಾಲ್ ಗಾತ್ರದ ಗಾಜಿನ ಗೋಳ. ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಅಲ್ಲಿಗೆ ಮುಗಿಯಿತು. ಒಟ್ಟು 5,160 ಸೆನ್ಸರ್‌ಗಳು 1,450 ಮೀಟರಿನಿಂದ 2,450 ಮೀಟರ್ ಆಳದವರೆಗೆ ಹರಡಿವೆ. ಆ 86ರಲ್ಲಿ ಕೊನೆಯ ಕೇಬಲ್ ಇಳಿದದ್ದು 2010ರ ಡಿಸೆಂಬರಿನಲ್ಲಿ.

ಇಷ್ಟೆಲ್ಲ ಯಾಕೆ ಅಂದರೆ ನ್ಯೂಟ್ರಿನೊ ಯಾವುದಕ್ಕೂ ತಾಗದೆ ಹೋಗುವ ಜಾತಿ. ಸೂರ್ಯನಿಂದ ಬರುವವೇ ನಿಮ್ಮ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ 6,000 ಕೋಟಿಗೂ ಜಾಸ್ತಿ ದಾಟುತ್ತವೆ. ಯಾವುದೋ ಒಂದು ಐಸಿನ ಕಣಕ್ಕೆ ತಾಗಿದರೆ ಅಲ್ಲಿಂದ ಮ್ಯೂಯಾನ್ ಅಂತ ಚಾರ್ಜ್ ಇರುವ ಕಣ ಚಿಮ್ಮುತ್ತದೆ. ಅದು ಐಸಿನೊಳಗೆ ಬೆಳಕಿಗಿಂತ ಜೋರಾಗಿ ಓಡುತ್ತದೆ. (ಐಸಿನಲ್ಲಿ ಬೆಳಕು ನಿಧಾನವಾಗಿರುತ್ತದೆ, ಐನ್‌ಸ್ಟೈನ್ ಹೆಸರು ಹೇಳಿ ಜಗಳಕ್ಕೆ ಬರಬೇಡಿ.) ಆಗ ನೀಲಿ ಬೆಳಕು ಹೊಮ್ಮುತ್ತದೆ. ಯಾವ ಸೆನ್ಸರ್‌ಗೆ ಎಷ್ಟು ಹೊತ್ತಿಗೆ ಬೆಳಕು ತಲುಪಿತು ಅನ್ನುವುದರಿಂದ ದಿಕ್ಕು ಲೆಕ್ಕ ಹಾಕುತ್ತಾರೆ. ಆ ದಿಕ್ಕು ಚೆನ್ನಾಗಿ ಸಿಕ್ಕರೆ 1 ಡಿಗ್ರಿಗಿಂತ ಕಡಿಮೆ ತಪ್ಪು. ಮ್ಯೂಯಾನ್ ಇಲ್ಲದೆ ಬೆಳಕು ಬರೀ ಗುಡ್ಡೆಯಾಗಿ ಕಂಡರೆ ತಪ್ಪು ಹತ್ತು ಡಿಗ್ರಿಯವರೆಗೂ ಹೋಗಬಹುದು.

ಬೋರ್‌ಗಾಡಿ (ಇಂಡಿ), ಭಾನುವಾರ ಬೆಳಿಗ್ಗೆ 8:30

8,000 ಅಡಿ ಎರಡು ದಿನಕ್ಕೆ! ನಮ್ಮ ಕಡೆ 700 ಅಡಿ ಹೋಗುವಷ್ಟರಲ್ಲಿ ಮಾಲೀಕರ ಮುಖ ಬಾಡುತ್ತದೆ. ಒಳಗೆ ಸೆನ್ಸರ್ ಕೆಟ್ಟರೆ ಎತ್ತುವುದು ಹೇಗೆ ಸರ್?

ಹಳೆಯ_ಲೆನ್ಸ್ (ಬೆಳಗಾವಿ), ಭಾನುವಾರ ಬೆಳಿಗ್ಗೆ 8:34

ಎತ್ತುವ ಮಾತೇ ಇಲ್ಲ. ಕೆಟ್ಟದ್ದು ಅಲ್ಲೇ. ಆದರೂ ನೂರಕ್ಕೆ 98 ಕೆಲಸ ಮಾಡುತ್ತಿವೆ.

ಗಾಣದಮನೆ (ಮುಧೋಳ), ಭಾನುವಾರ ಬೆಳಿಗ್ಗೆ 10:10

ಒಣದ್ರಾಕ್ಷಿ ತಮ್ಮಾ, ನಿನ್ನ "ಗಾಮಾ ಇದ್ದಲ್ಲಿ ನ್ಯೂಟ್ರಿನೊ" ಅನ್ನುವ ಮಾತು ಅರ್ಧ ಮಾತ್ರ ಸರಿ.

ನಮ್ಮೂರ ದಾರಿಯಲ್ಲಿ ದೂರದಿಂದ ಹೊಗೆ ಕಂಡರೆ ಗಾಣ ನಡೆದಿದೆ, ಬಿಸಿ ಬೆಲ್ಲ ತಿನ್ನಬಹುದು ಅಂತ ಹುಡುಗರು ಸೈಕಲ್ ತಿರುಗಿಸುತ್ತಾರೆ. ಹತ್ತಿರ ಹೋದರೆ ಒಮ್ಮೊಮ್ಮೆ ಅದು ಇಟ್ಟಿಗೆ ಭಟ್ಟಿ. ಗಾಮಾ ಕಿರಣ ಆ ಹೊಗೆ ಇದ್ದ ಹಾಗೆ. ಪ್ರೋಟಾನ್‌ನಿಂದಲೂ ಬರುತ್ತದೆ, ಬರೀ ಎಲೆಕ್ಟ್ರಾನ್‌ನಿಂದಲೂ ಬರುತ್ತದೆ. ಜೋರಾಗಿ ಓಡುವ ಎಲೆಕ್ಟ್ರಾನ್ ಸಾಮಾನ್ಯ ಬೆಳಕಿಗೆ ಗುದ್ದಿ ಅದನ್ನೇ ಗಾಮಾ ಮಾಡಿಬಿಡುತ್ತದೆ. ಅಲ್ಲಿ ಪಯಾನ್ ಇಲ್ಲ, ನ್ಯೂಟ್ರಿನೊ ಇಲ್ಲ. ಏಡಿ ನೀಹಾರಿಕೆ ಗಾಮಾದಲ್ಲಿ ಅಷ್ಟು ಹೊಳೆಯುತ್ತದಲ್ಲ, ಅದರಲ್ಲಿ ಬಹುಪಾಲು ಹೀಗೆ ಎಲೆಕ್ಟ್ರಾನ್ ಕೆಲಸ.

ನ್ಯೂಟ್ರಿನೊ ಅಂದರೆ ಬೆಲ್ಲ. ಬೆಲ್ಲ ಸಿಕ್ಕರೆ ಗಾಣ ಇದೆ ಅಂತ ಗ್ಯಾರಂಟಿ. ಅದಕ್ಕೇ ಎಲ್ಲರೂ ಅದರ ಹಿಂದೆ ಬಿದ್ದಿರುವುದು. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಹೋಗಿ ಕಾಸ್ಮಿಕ್ ಕಿರಣ (ಬಾಹ್ಯಾಕಾಶದಿಂದ ಜೋರಾಗಿ ಬರುವ ಕಣಗಳು, ಹೆಚ್ಚಿನವು ಪ್ರೋಟಾನ್) ಕಂಡುಹಿಡಿದರು. ಆ ಪ್ರೋಟಾನ್‌ಗಳನ್ನು ಇಷ್ಟು ಜೋರಾಗಿ ಎಸೆಯುವವರು ಯಾರು ಅಂತ ಇವತ್ತಿಗೂ ಪೂರ್ತಿ ಗೊತ್ತಾಗಿಲ್ಲ, ಯಾಕೆಂದರೆ ಅವು ದಾರಿಯಲ್ಲಿ ಕಾಂತಕ್ಷೇತ್ರಕ್ಕೆ ಸಿಕ್ಕಿ ತಿರುಗಿ ತಿರುಗಿ ಬರುತ್ತವೆ. ನ್ಯೂಟ್ರಿನೊ ನೆಟ್ಟಗೆ ಬರುತ್ತದೆ.

ಗಣಿತ_ಅಕ್ಕೋರು (ಬಾಗಲಕೋಟೆ, ನವನಗರ), ಭಾನುವಾರ ಮಧ್ಯಾಹ್ನ 1:15

ಚಿಕ್ಕೋಡಿಯವರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಎಲ್ಲರೂ ಐಸು ಬೆಲ್ಲ ಅಂತ ಹೋದಿರಿ. ನಾನು ಹೇಳುತ್ತೇನೆ.

ಇಡೀ ಆಕಾಶ 41,253 ಚದರ ಡಿಗ್ರಿ. ಅದರಲ್ಲಿ 7,000 ಮೂಲ ಹಂಚಿದರೆ ಸುಮಾರು 6 ಚದರ ಡಿಗ್ರಿಗೆ ಒಂದು. ತಮ್ಮಾ, ನಿನ್ನ ವೃತ್ತದ ವಿಸ್ತೀರ್ಣ 7 ಚದರ ಡಿಗ್ರಿ. ಅಂದರೆ ನ್ಯೂಟ್ರಿನೊ ಮೂಲ ಇರಲಿ ಬಿಡಲಿ, ಒಂದು ವೃತ್ತಕ್ಕೆ ಸರಾಸರಿ 1.2 ಮೂಲ ಬಿದ್ದೇ ಬೀಳುತ್ತವೆ!

ಅಡುಗೆ ಮುಗಿಸಿ ಇದನ್ನು ಮಾಡಿಯೇ ನೋಡಿದೆ. ಹಾಲ್‌ನ ಒಂದು ಟೈಲ್ಸ್, ಎರಡಡಿಗೆ ಎರಡಡಿ. ಜೋಳ ಉರುಳಬಾರದು ಅಂತ ಹಳೆ ಚಾದರ ಹಾಸಿದೆ. ಬಳೆ 2.6 ಸೈಜಿನದು, ಪ್ಲಾಸ್ಟಿಕ್. ಆಕಾಶದಷ್ಟೇ ದಟ್ಟ ಆಗಬೇಕೆಂದರೆ ಆ ಟೈಲ್ಸ್ ಅಳತೆಯಲ್ಲಿ ಸುಮಾರು 150 ಕಾಳು ಬೇಕು. ಎಣಿಸಿ ಚೆಲ್ಲಿದೆ. ಬೇರೆ ಕಡೆ ಮುಖ ಮಾಡಿ 20 ಸಲ ಬಳೆ ಎಸೆದೆ. ಹೊರಗೆ ಬಿದ್ದದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಮತ್ತೆ ಎಸೆದೆ. 13 ಸಲ ಬಳೆಯೊಳಗೆ ಕಾಳು ಇತ್ತು. ಒಂದರಲ್ಲಿ ನಾಲ್ಕು! ಸೂತ್ರ ಹಾಕಿದರೆ 20ಕ್ಕೆ 14 ಬರಬೇಕು. ನಿನ್ನ 12ಕ್ಕೆ ಅದೇ ಲೆಕ್ಕದಲ್ಲಿ 8 ಬರುತ್ತದೆ. ನಿನಗೆ ಬಂದದ್ದೂ 8.

ಆಮೇಲೆ 3 ಕಾಳಿಗೆ ಕುಂಕುಮ ಹಚ್ಚಿ ಮತ್ತೆ ಕಲಸಿ ಚೆಲ್ಲಿದೆ. ಆ ಹೊತ್ತಿನಲ್ಲಿ ಜೋರಾಗಿ ಉರಿಯುತ್ತಿರುವ ಮೂಲಗಳು ಅಂತ ಇಟ್ಟುಕೊಳ್ಳಿ. 20 ಸಲ ಎಸೆದರೂ ಕೆಂಪು ಕಾಳು ಒಂದೂ ಸಿಗಲಿಲ್ಲ. ಸಿಕ್ಕಿದ್ದರೆ ಆಗ ಹುಬ್ಬೇರಿಸಬೇಕು.

ಮಗಳು ಬಂದು "ಅಮ್ಮಾ ಏನು ಮಾಡುತ್ತಿದ್ದೀಯಾ" ಅಂದಳು. ಪುಣ್ಯಕ್ಕೆ ಅತ್ತೆ ಮಲಗಿದ್ದರು.

ಬೋರ್‌ಗಾಡಿ (ಇಂಡಿ), ಭಾನುವಾರ ಮಧ್ಯಾಹ್ನ 1:50

ಅಕ್ಕೋರೆ, ಈಗ ಅರ್ಥವಾಯಿತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಪಾಯಿಂಟ್ ತೋರಿಸುವವರಿದ್ದಾರೆ. ಕಾಲುವೆ ಬಂದ ಕಡೆ ಅವರು ಹೇಳಿದ್ದೆಲ್ಲ ನಿಜವಾಗುತ್ತದೆ. ಅಲ್ಲಿ ಎಲ್ಲಿ ಹೊಡೆದರೂ ನೀರೇ. ಒಣ ಭೂಮಿಗೆ ಕರೆದುಕೊಂಡು ಹೋದರೆ ಕಾಯಿ ಎದ್ದು ನಿಂತರೂ ನೀರಿಲ್ಲ. ನಾನು ಯಾವಾಗಲೂ ಕೇಳುವುದು ಇದನ್ನೇ: ಪಕ್ಕದ ಹೊಲದಲ್ಲಿ ಸುಮ್ನೆ ಹೊಡೆದರೆ ಎಷ್ಟು ಸಲ ಸಿಕ್ಕಿದೆ?

ಚಿಕ್ಕೋಡಿ_ಎಕ್ಸ್‌ಪ್ರೆಸ್, ಭಾನುವಾರ ಮಧ್ಯಾಹ್ನ 1:58

ಇವರಿಗೆ ಪಿಎಚ್‌ಡಿ ಕೊಡಿ ಯಾರಾದರೂ.

ಒಣದ್ರಾಕ್ಷಿ (ವಿಜಯಪುರ), ಭಾನುವಾರ ಸಂಜೆ 5:20

ಅಕ್ಕೋರೆ, ಓದಿ ಹೊಟ್ಟೆ ತಣ್ಣಗಾಯಿತು. ಗೈಡ್‌ಗೆ ಕಳಿಸಿರಲಿಲ್ಲ, ಬಚಾವ್.

ಆದರೆ ಒಂದು ಅನುಮಾನ. ಜೋಳ ನೀವು ಸಮನಾಗಿ ಚೆಲ್ಲಿದಿರಿ. ಫರ್ಮಿ ಮೂಲಗಳು ಹಾಗಿಲ್ಲ, ಆಕಾಶಗಂಗೆಯ ಪಟ್ಟಿಯಲ್ಲಿ ಗುಂಪು ಗುಂಪಾಗಿವೆ. ಐಸ್‌ಕ್ಯೂಬ್ ಕೂಡ ಎಲ್ಲ ಕಡೆ ಒಂದೇ ಸಮ ನೋಡುವುದಿಲ್ಲ. ಹಾಗಾದರೆ "ಸುಮ್ನೆ ಎಸೆಯುವುದನ್ನು" ಕಂಪ್ಯೂಟರಿನಲ್ಲಿ ಹೇಗೆ ಮಾಡಲಿ?

ಹಳೆಯ_ಲೆನ್ಸ್ (ಬೆಳಗಾವಿ), ಭಾನುವಾರ ರಾತ್ರಿ 9:05

ಈಗ ನೀನು ಸರಿಯಾದ ಪ್ರಶ್ನೆ ಕೇಳಿದೆ. ಟೀ ಮಾಡಿಕೊಂಡು ಬಂದು ಬರೆಯುತ್ತಿದ್ದೇನೆ, ಉದ್ದವಾಗುತ್ತದೆ.

ಐಸ್‌ಕ್ಯೂಬ್ ಇರುವುದು ಧ್ರುವದ ಮೇಲೆ. ಭೂಮಿ ತಿರುಗಿದ ಹಾಗೆ ಅದೂ ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತದೆ. ಹಾಗಾಗಿ ಆಕಾಶದ ರೇಖಾಂಶದ ಮಟ್ಟಿಗೆ, ಅಂದರೆ ಆರ್‌ಎ ಮಟ್ಟಿಗೆ, ದಿನವಿಡೀ ಅದರ ನೋಟ ಒಂದೇ ಸಮ. ಅಕ್ಷಾಂಶದಲ್ಲಿ ಮಾತ್ರ ವ್ಯತ್ಯಾಸ. ನಿನ್ನ 12 ಅಲರ್ಟ್‌ಗಳ ಅಕ್ಷಾಂಶ ಮುಟ್ಟಬೇಡ. ಆರ್‌ಎ ಮಾತ್ರ ಇಷ್ಟ ಬಂದ ಹಾಗೆ ಬದಲಿಸು. ಹೊಂದಾಣಿಕೆ ಎಣಿಸು. ಹೀಗೆ 10,000 ಸಲ ಮಾಡು. ಆ ಸುಳ್ಳು ಆಕಾಶಗಳಲ್ಲಿ ಎಷ್ಟರಲ್ಲಿ 8 ಅಥವಾ ಅದಕ್ಕಿಂತ ಜಾಸ್ತಿ ಬಂತು ಅನ್ನುವುದೇ ನಿನ್ನ ಉತ್ತರ. ದೊಡ್ಡವರು ಮಾಡುವುದೂ ಇದನ್ನೇ. ನೀನು ಪ್ರತಿ ಅಲರ್ಟ್‌ನ ದಿಕ್ಕಿನಲ್ಲಿ ಎಷ್ಟು ತಪ್ಪಿರಬಹುದೋ ಅಷ್ಟು ಅಳತೆಯ ನಿಜವಾದ ವೃತ್ತ ಬಳಸು, ಎಲ್ಲಕ್ಕೂ 1.5 ಅಂತ ಹಾಕುವುದು ಸೋಮಾರಿತನ.

ಈಗ ಕುಂಕುಮದ ಕಾಳಿನ ಕಥೆ. 2017ರ ಸೆಪ್ಟೆಂಬರ್ 22ರಂದು ಒಂದು ನ್ಯೂಟ್ರಿನೊ ಬಂತು. ಶಕ್ತಿ ಸುಮಾರು 290 ಟೆರಾ ಎಲೆಕ್ಟ್ರಾನ್‌ವೋಲ್ಟ್. ಜಿನೀವಾದಲ್ಲಿ ಕಣಗಳನ್ನು ಜೋರಾಗಿ ಓಡಿಸಿ ಗುದ್ದಿಸುವ ದೊಡ್ಡ ಯಂತ್ರ ಆಗ ಒಂದು ಪ್ರೋಟಾನಿಗೆ ಕೊಡುತ್ತಿದ್ದದ್ದು 6.5. ಒಂದು ನಿಮಿಷದೊಳಗೆ, 43 ಸೆಕೆಂಡಿಗೆ, ಅಲರ್ಟ್ ಹೋಯಿತು. ಫರ್ಮಿಯವರು ನೋಡಿದರೆ ಅದೇ ಜಾಗದಲ್ಲಿ ಟಿಎಕ್ಸ್‌ಎಸ್ 0506+056 ಅನ್ನುವ ಬ್ಲೇಜಾರ್ ಮಾಮೂಲಿಗಿಂತ ಜೋರಾಗಿ ಉರಿಯುತ್ತಿತ್ತು. ಕಪ್ಪುಕುಳಿಯಿಂದ ಹೊರಟ ಚಿಲುಮೆ ನೇರ ನಮ್ಮ ಕಡೆ ಮುಖ ಮಾಡಿದ್ದರೆ ಅದಕ್ಕೆ ಬ್ಲೇಜಾರ್ ಅನ್ನುತ್ತಾರೆ. ದೂರ ಸುಮಾರು 400 ಕೋಟಿ ಜ್ಯೋತಿರ್ವರ್ಷ. ಆಮೇಲೆ ಕ್ಯಾನರಿ ದ್ವೀಪದ ಮ್ಯಾಜಿಕ್ ದೂರದರ್ಶಕಕ್ಕೂ ಅದರ ಇನ್ನೂ ಜಾಸ್ತಿ ಶಕ್ತಿಯ ಗಾಮಾ ಸಿಕ್ಕಿತು. 2018ರ ಜುಲೈನಲ್ಲಿ ಪ್ರಕಟವಾಯಿತು.

ಈ ಬೇಸಿಗೆ ಮುಗಿಯುವ ಮೊದಲು ಹೊರಗೆ ಬಂದು ನೋಡಿ. ಒರಾಯನ್‌ನ ಭುಜದ ಬೆಲ್ಲಾಟ್ರಿಕ್ಸ್ ನಕ್ಷತ್ರದಿಂದ ಪಶ್ಚಿಮಕ್ಕೆ 4 ಡಿಗ್ರಿ, ಕೈ ಚಾಚಿದರೆ ಎರಡು ಮೂರು ಬೆರಳಿನಷ್ಟು. ನಮ್ಮ ರೈತರ ಮಿರಗದ ಚುಕ್ಕಿಯ ನೆರೆಹೊರೆ. ಬರಿಗಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ, ಆದರೂ ನಾನು ಪ್ರತಿ ವರ್ಷ ನೋಡುತ್ತೇನೆ.

ಚಿಕ್ಕೋಡಿ_ಎಕ್ಸ್‌ಪ್ರೆಸ್, ಭಾನುವಾರ ರಾತ್ರಿ 9:40

ಸರ್, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಆ ಹೊಂದಾಣಿಕೆ 3 ಸಿಗ್ಮಾ. ಅಂದರೆ ಸಾವಿರಕ್ಕೆ ಒಂದೆರಡು ಸಲ ಸುಮ್ನೆ ಆಗುವಂಥದ್ದು. ಕಂಡುಹಿಡಿದೆವು ಅನ್ನಲು 5 ಸಿಗ್ಮಾ ಬೇಕು, 35 ಲಕ್ಷಕ್ಕೆ ಒಂದು. ಆ ನ್ಯೂಟ್ರಿನೊ ಬಾಹ್ಯಾಕಾಶದ್ದೇ ಅನ್ನುವ ಸಾಧ್ಯತೆಯೇ ಮೊದಲಿಗೆ ಹೇಳಿದ ಪ್ರಕಾರ 56%. ಉಳಿದದ್ದು ನಮ್ಮ ವಾತಾವರಣದಲ್ಲೇ ಹುಟ್ಟಿದ್ದಿರಬಹುದು.

ಇನ್ನೊಂದು. ಹಳೆ ಡೇಟಾ ಕೆದಕಿದಾಗ 2014–15ರಲ್ಲಿ ಅದೇ ಜಾಗದಿಂದ ಸುಮಾರು 13 ನ್ಯೂಟ್ರಿನೊ ಜಾಸ್ತಿ ಬಂದಿದ್ದವು. 3.5 ಸಿಗ್ಮಾ. ಆದರೆ ಆಗ ಗಾಮಾ ತಣ್ಣಗಿತ್ತು! ಹೊಗೆ ಇದ್ದಾಗ ಒಂದು ಉಂಡೆ ಬೆಲ್ಲ, ಹೊಗೆ ಇಲ್ಲದಾಗ 13 ಉಂಡೆ. ಇದೆಂಥ ಗಾಣ? 2019ರ ಜುಲೈ 30ರ ಅಲರ್ಟ್‌ನ ದಿಕ್ಕಿನಲ್ಲಿ ಪಿಕೆಎಸ್ 1502+106 ಅನ್ನುವ ಬ್ಲೇಜಾರ್ ಸಿಕ್ಕಾಗಲೂ ಗಾಮಾ ಸುಮ್ಮನೆ ಕೂತಿತ್ತು, ರೇಡಿಯೋದಲ್ಲಿ ಮಾತ್ರ ಹೊಳೆಯುತ್ತಿತ್ತು.

ಗಾಣದಮನೆ (ಮುಧೋಳ), ಭಾನುವಾರ ರಾತ್ರಿ 10:02

ಬಾಗಿಲು ಮುಚ್ಚಿದ ಗಾಣ, ಅಣ್ಣಾ.

ನ್ಯೂಟ್ರಿನೊ ಹುಟ್ಟಬೇಕಾದರೆ ಪ್ರೋಟಾನಿಗೆ ಬಡಿಯಲು ದಟ್ಟವಾದ ಬೆಳಕು ಬೇಕು. ಅದೇ ದಟ್ಟ ಬೆಳಕು ಗಾಮಾವನ್ನು ಹೊರಗೆ ಬಿಡುವುದಿಲ್ಲ. ಎರಡು ಫೋಟಾನ್ ಗುದ್ದಿಕೊಂಡು ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಆಗಿಬಿಡುತ್ತವೆ. ಅಂದಮೇಲೆ ನ್ಯೂಟ್ರಿನೊ ಚೆನ್ನಾಗಿ ಹುಟ್ಟುವ ಜಾಗದಲ್ಲೇ ಗಾಮಾ ಕಮ್ಮಿ ಕಾಣುವುದು. ನಾವು ಇಷ್ಟು ವರ್ಷ ಹೊಗೆ ಜಾಸ್ತಿ ಇರುವ ಕಡೆ ಹುಡುಕಿ ಸುಸ್ತಾದೆವು. ಫರ್ಮಿ ಬ್ಲೇಜಾರ್‌ಗಳನ್ನೆಲ್ಲ ಕೂಡಿಸಿ ನೋಡಿದಾಗಲೂ ಒಟ್ಟು ನ್ಯೂಟ್ರಿನೊದ ಕಾಲು ಭಾಗದ ಆಸುಪಾಸಿಗಿಂತ ಜಾಸ್ತಿ ಅವುಗಳ ಲೆಕ್ಕಕ್ಕೆ ಬರಲಿಲ್ಲ. ಗಾಮಾ ಕಿರಣದ ಸ್ಫೋಟಗಳ ಪಾಲು 1% ಕೂಡ ಇಲ್ಲ.

ಬಾದಾಮಿ_ಆಕಾಶ, ಭಾನುವಾರ ರಾತ್ರಿ 10:30

ಮುಚ್ಚಿದ ಗಾಣ ಅಂದಿರಲ್ಲ, ಅದನ್ನು ನಾನು ನೋಡಿದ್ದೇನೆ! ಎನ್‌ಜಿಸಿ 1068. ಮೆಸಿಯರ್ 77 ಅಂದರೂ ಅದೇ.

ಡಿಸೆಂಬರಿನಲ್ಲಿ ಊರ ಹೊರಗಿನ ಬಂಡೆಗಳ ಹಿಂದೆ 6 ಇಂಚಿನ ಟೆಲಿಸ್ಕೋಪ್ ಇಟ್ಟಿದ್ದೆ. ತಿಮಿಂಗಿಲ ರಾಶಿಯ ಡೆಲ್ಟಾ ನಕ್ಷತ್ರ ಹಿಡಿದು ಸ್ವಲ್ಪ ಸರಿಸಿದರೆ ಸಿಗುತ್ತದೆ. ಒದ್ದೆ ಬೆರಳಿನಿಂದ ಗಾಜು ಒರೆಸಿದ ಗುರುತಿನಂತೆ ಒಂದು ಮಸುಕು, ನಡುವೆ ಚುಕ್ಕಿ. ನೆಟ್ಟಗೆ ನೋಡಿದರೆ ಮಾಯ, ಓರೆಗಣ್ಣಿನಲ್ಲಿ ನೋಡಿದರೆ ಕಾಣುತ್ತದೆ. ಜೊತೆಗಿದ್ದ ಮಾವ "ಇದಕ್ಕೆ ಇಷ್ಟು ಚಳಿಯಲ್ಲಿ ಕೂರಿಸಿದೆಯಾ" ಅಂದರು. 4.7 ಕೋಟಿ ಜ್ಯೋತಿರ್ವರ್ಷ ದೂರದ್ದು ಮಾವ ಅಂದೆ. "ಹೌದಾ, ಚಹಾ ಇದೆಯಾ?"

ಹಳೆಯ_ಲೆನ್ಸ್ (ಬೆಳಗಾವಿ), ಭಾನುವಾರ ರಾತ್ರಿ 10:58

ಬಾದಾಮಿಯವರು ನಾನು ಹೇಳಬೇಕಾದದ್ದನ್ನು ತೋರಿಸಿಯೇ ಬಿಟ್ಟರು. 2022ರ ನವೆಂಬರಿನಲ್ಲಿ ಐಸ್‌ಕ್ಯೂಬ್ ಆ ಗೆಲಾಕ್ಸಿಯಿಂದ ಸುಮಾರು 79 ನ್ಯೂಟ್ರಿನೊ ಬಂದಿವೆ ಅಂತ ಹೇಳಿತು. 4.2 ಸಿಗ್ಮಾ. ಚಿಕ್ಕೋಡಿಯವರಿಗೆ ಇದು ಕಮ್ಮಿ ಅನಿಸಬಹುದು, ಆದರೆ ಮಾಡಿದ ರೀತಿ ನೋಡಿ. ಮೊದಲೇ 110 ಮೂಲಗಳ ಪಟ್ಟಿ ಬರೆದಿಟ್ಟುಕೊಂಡು, ಅವುಗಳಲ್ಲಿ ಹುಡುಕಿ, 110 ಸಲ ಬಳೆ ಎಸೆದದ್ದಕ್ಕೂ ದಂಡ ಕಟ್ಟಿದ ಮೇಲೆ ಉಳಿದದ್ದು 4.2.

ತಮಾಷೆ ಏನೆಂದರೆ ಆ ಪಟ್ಟಿ ಮಾಡಿದ್ದೇ ಗಾಮಾ ಮೂಲಗಳಿಂದ. ಗೆದ್ದದ್ದು ಮಾತ್ರ ಗಾಮಾದಲ್ಲಿ ಬಡವ. ಫರ್ಮಿಗೆ ಸ್ವಲ್ಪ ಕಾಣುತ್ತದೆ. ಮ್ಯಾಜಿಕ್ ಗಂಟೆಗಟ್ಟಲೆ ನೋಡಿದರೂ ಟೆರಾ ಮಟ್ಟದ ಗಾಮಾ ಸಿಗಲಿಲ್ಲ. ಕಪ್ಪುಕುಳಿಯ ಪಕ್ಕದಲ್ಲೇ ಇರುವ ಬಿಸಿ ಮೋಡದೊಳಗೆ ನ್ಯೂಟ್ರಿನೊ ಹುಟ್ಟುತ್ತಿವೆ, ಗಾಮಾ ಅಲ್ಲೇ ಸಾಯುತ್ತಿದೆ ಅಂತ ಈಗ ಹೆಚ್ಚಿನವರ ಅಂದಾಜು.

ಗಣಿತ_ಅಕ್ಕೋರು (ಬಾಗಲಕೋಟೆ, ನವನಗರ), ಸೋಮವಾರ ಬೆಳಿಗ್ಗೆ 7:10

ಸಾಯುತ್ತದೆ ಅಂದರೆ ಶಕ್ತಿ ಎಲ್ಲಿಗೆ ಹೋಯಿತು ಸರ್? ಲೆಕ್ಕ ಕೂಡಬೇಕಲ್ಲ.

ಹಳೆಯ_ಲೆನ್ಸ್ (ಬೆಳಗಾವಿ), ಸೋಮವಾರ ಬೆಳಿಗ್ಗೆ 7:45

ಹಿಡಿದಿರಿ. ಸಾಯುವುದಿಲ್ಲ, ಚಿಲ್ಲರೆಯಾಗುತ್ತದೆ. 500ರ ನೋಟು ಮುರಿದು ಹತ್ತರ ನೋಟಾದಂತೆ ಕಡಿಮೆ ಶಕ್ತಿಯ ಗಾಮಾ, ಎಕ್ಸ್ ಕಿರಣ ಆಗಿ ಹೊರಗೆ ಬರುತ್ತದೆ. ಮೆಗಾ ಎಲೆಕ್ಟ್ರಾನ್‌ವೋಲ್ಟ್ ಮಟ್ಟದಲ್ಲಿ ಹುಡುಕಬೇಕು. ಆದರೆ ಆ ಮಟ್ಟದಲ್ಲೇ ನಮಗೆ ಕಣ್ಣಿಲ್ಲ. ಅಲ್ಲಿ ಚೆನ್ನಾಗಿ ನೋಡಿದ ಕಾಂಪ್ಟನ್ ಉಪಗ್ರಹ 2000ದಲ್ಲೇ ಮುಗಿಯಿತು. ಕೋಸಿ ಅನ್ನುವ ಹೊಸದನ್ನು 2027ಕ್ಕೆ ಹಾರಿಸುವ ಯೋಜನೆ ಇದೆ. ನಮ್ಮದೇ ಲಡಾಖಿನ ಹಾನ್ಲೆಯಲ್ಲಿ 21 ಮೀಟರಿನ ಮೇಸ್ ಅನ್ನುವ ದೂರದರ್ಶಕ ಇದೆ, 2024ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಯಿತು. ಅದು ಇದಕ್ಕಿಂತ ತುಂಬಾ ಜಾಸ್ತಿ ಶಕ್ತಿಯ ಗಾಮಾಕ್ಕೆ, ಬ್ಲೇಜಾರ್ ಉರಿಯುವಾಗ ನೋಡಲು ಬೇಕಾದದ್ದು.

ನಮ್ಮದು ಅಂದ ಕೂಡಲೇ ನೆನಪಾಯಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಮೊದಲು ಸಿಕ್ಕಿದ್ದು 1965ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಕೂಡಿ ಮಾಡಿದ್ದು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಗಣಿಯಲ್ಲೂ ಸಿಕ್ಕಿತು. ಐಸ್‌ಕ್ಯೂಬ್‌ಗೆ ಇವತ್ತು ಕಸ ಅನಿಸುವುದು ಇದೇ ನ್ಯೂಟ್ರಿನೊ. ಅವರು ಸೋಸಿ ಎಸೆಯುವುದನ್ನು ಅಂದು ಇವರು ಬಂಗಾರದಂತೆ ಎಣಿಸಿದರು.

ಬೋರ್‌ಗಾಡಿ (ಇಂಡಿ), ಸೋಮವಾರ ಬೆಳಿಗ್ಗೆ 8:05

2.3 ಕಿಲೋಮೀಟರ್ ಕೆಳಗೆ ಮನುಷ್ಯರೇ ಇಳಿದು ಹೋಗಿ ಕೆಲಸ ಮಾಡಿದರಾ? ಕಾವಿಗೆ ಬೆಂದಿರಬೇಕು. ಬಿಸಿನೀರಿನ ಗಾಡಿಗಿಂತ ಇವರೇ ಗಟ್ಟಿ.

ಚಿಕ್ಕೋಡಿ_ಎಕ್ಸ್‌ಪ್ರೆಸ್, ಸೋಮವಾರ ಮಧ್ಯಾಹ್ನ 12:20

ಸರಿ, ಎನ್‌ಜಿಸಿ 1068 ಒಪ್ಪಿದೆ, ಅರ್ಧ. ಆದರೆ ಬಳೆ ಪಾಠ ದೊಡ್ಡವರಿಗೂ ಬೇಕು. 2023ರ ಫೆಬ್ರುವರಿ 13ರಂದು ಸಿಸಿಲಿ ಬಳಿ ಸಮುದ್ರದಡಿಯ ಕೆಎಂ3ನೆಟ್ ಅನ್ನುವ ಪತ್ತೆ ಯಂತ್ರಕ್ಕೆ ಸುಮಾರು 220 ಪೆಟಾ ಎಲೆಕ್ಟ್ರಾನ್‌ವೋಲ್ಟ್‌ನ (ಪೆಟಾ ಅಂದರೆ ಸಾವಿರ ಟೆರಾ) ನ್ಯೂಟ್ರಿನೊ ಸಿಕ್ಕಿತು. ಅದರ 3 ಡಿಗ್ರಿ ವೃತ್ತದೊಳಗೆ 17 ಬ್ಲೇಜಾರ್ ಹೆಸರು ಪಟ್ಟಿ ಮಾಡಿದರು. 17! ಒಂದು ಬೆಲ್ಲದ ಉಂಡೆಗೆ 17 ಗಾಣ.

ಗಾಣದಮನೆ (ಮುಧೋಳ), ಸೋಮವಾರ ಮಧ್ಯಾಹ್ನ 12:26

ಪಟ್ಟಿ ಮಾಡಿದರು, ಇದೇ ಅನ್ನಲಿಲ್ಲ. ಅದನ್ನೂ ಹೇಳಿ.

ಒಣದ್ರಾಕ್ಷಿ (ವಿಜಯಪುರ), ಮಂಗಳವಾರ ರಾತ್ರಿ 1:35

ಮಾಡಿದೆ. ನಡುವೆ ಎರಡು ಸಲ ಕರೆಂಟ್ ಹೋಯಿತು, ಬ್ಯಾಟರಿ 9%ಕ್ಕೆ ಬಂದಿತ್ತು.

ಆರ್‌ಎ ಕಲಸಿ 10,000 ಸುಳ್ಳು ಆಕಾಶ ಮಾಡಿದೆ. 8 ಅಥವಾ ಜಾಸ್ತಿ ಬಂದದ್ದು ಅರ್ಧಕ್ಕಿಂತ ಹೆಚ್ಚು ಸಲ. ಅಂದರೆ ನನ್ನ 8ಕ್ಕೆ ಬೆಲೆ ಇಲ್ಲ. ಅಲರ್ಟ್‌ಗಳ ನಿಜವಾದ ವೃತ್ತ ಹಾಕಿದಾಗ 8 ಇದ್ದದ್ದು 5 ಆಯಿತು, ಸುಳ್ಳು ಆಕಾಶದಲ್ಲೂ ಅಷ್ಟೇ. ಕೊನೆಗೆ ಅಕ್ಕೋರ ಕುಂಕುಮ ಹಚ್ಚಿದೆ: ಆ ತಿಂಗಳಲ್ಲಿ ಗಾಮಾ ಮಾಮೂಲಿಗಿಂತ ಜೋರಾಗಿದ್ದವನ್ನು ಮಾತ್ರ ಇಟ್ಟುಕೊಂಡೆ. ಉಳಿದದ್ದು ಒಂದೇ. 2017ರ ಸೆಪ್ಟೆಂಬರ್ 22. ಜಗತ್ತಿಗೆಲ್ಲ ಗೊತ್ತಿರುವುದನ್ನು ಮೂರು ರಾತ್ರಿ ಕೂತು ಹುಡುಕಿದ ಹಾಗಾಯಿತು.

ಲೆಕ್ಕ ಓಡುವಾಗ ಹೊರಗೆ ಬಂದು ನಿಂತಿದ್ದೆ. ಒರಾಯನ್ ಪಶ್ಚಿಮಕ್ಕೆ ಇಳಿದಿತ್ತು. ಬೆಲ್ಲಾಟ್ರಿಕ್ಸ್‌ನಿಂದ ಮೂರು ಬೆರಳು ಇಟ್ಟು ನೋಡಿದೆ. ಹಳೆಯ ಲೆನ್ಸ್ ಸರ್ ಹೇಳಿದ ಹಾಗೆ ಅಲ್ಲಿ ಏನೂ ಇಲ್ಲ. ಶೆಡ್ಡಿನ ಬಲೆ ಮೇಲೆ ದ್ರಾಕ್ಷಿ ಹುಳಿ ಹುಳಿ ವಾಸನೆ ಮಾತ್ರ.

ಪ್ರಾಜೆಕ್ಟ್ ಬದಲಿಸುತ್ತಿದ್ದೇನೆ. ಗಾಮಾ ಜೋರಾದವು ಬೇಡ. ಎಕ್ಸ್ ಕಿರಣದಲ್ಲಿ ಹೊಳೆಯುವ, ಗಾಮಾದಲ್ಲಿ ಮಂಕಾದ ಹತ್ತಿರದ ಗೆಲಾಕ್ಸಿಗಳ ಪಟ್ಟಿ ಮೊದಲೇ ಬರೆದು ಇಲ್ಲಿ ಹಾಕುತ್ತೇನೆ. ಆಮೇಲೆ ಹುಡುಕುತ್ತೇನೆ. ನಡುವೆ ಹೆಸರು ಸೇರಿಸಿದರೆ ಚಿಕ್ಕೋಡಿ ಅಣ್ಣ ಹಿಡಿಯಲಿ.

ಈ ಚರ್ಚೆಯ ಶೀರ್ಷಿಕೆ ಬದಲಿಸಲು ಬರುತ್ತಿಲ್ಲ, "12ರಲ್ಲಿ 8" ಅಂತಲೇ ಇದೆ. ಹೊಸದಾಗಿ ಬಂದವರು ಮೊದಲು ಬಳೆ ಉತ್ತರ ಓದಿ.

ಗಣಿತ_ಅಕ್ಕೋರು (ಬಾಗಲಕೋಟೆ, ನವನಗರ), ಮಂಗಳವಾರ ಬೆಳಿಗ್ಗೆ 6:50

ಪಟ್ಟಿ ಬೇಗ ಹಾಕು. ಸೋಫಾದ ಕೆಳಗೆ ಇನ್ನೂ ಜೋಳ ಸಿಗುತ್ತಿದೆ, ಅತ್ತೆಗೆ ಏನು ಹೇಳಲಿ ಗೊತ್ತಾಗುತ್ತಿಲ್ಲ.